ಶೇರ್ ರಿಕ್ಷಾದ ನ್ಯಾಯಪೀಠ

ಸೆಪ್ಟೆಂಬರ್ 1, ಸೋಮವಾರ

ಇಂದೂ ನಡುಸೀಟು. ಠಾಣೆ ಸ್ಟೇಷನ್ ಹೊರಗೆ ಶೇರ್ ರಿಕ್ಷಾದ ಲೈನು ಎಂದಿನಂತೆ ಹನುಮಂತನ ಬಾಲ. ವಿಠ್ಠಲವಾಡಿಯಿಂದ ಬರುವ ನಾಗವೇಣಿ ಎಡಕ್ಕೆ, ಕಲ್ಯಾಣದ ಮನೀಶ್ ಬಲಕ್ಕೆ, ಡೊಂಬಿವಲಿಯ ಈ ಬಡಪಾಯಿ ಮಧ್ಯೆ. ಮೂವರದ್ದೂ ವಾಗ್ಳೆ ಎಸ್ಟೇಟಿನ ಒಂದೇ ಆಫೀಸು. ಕಂಪನಿಗಳ ನೌಕರರನ್ನು ಮನೆಯಿಂದ ಕರೆತಂದು ಮತ್ತೆ ಮನೆಗೆ ಬಿಡುವ ಕ್ಯಾಬ್‌ಗಳಿಗೆ ಸಾಫ್ಟ್‌ವೇರ್ ಬರೆಯುವುದು ನಮ್ಮ ಕುಲಕಸುಬು.

ನಡುಸೀಟಿನಲ್ಲಿ ಕೂತವನೇ ನ್ಯಾಯಾಧೀಶ ಎಂದು ಕಳೆದ ತಿಂಗಳು ಘನ ನ್ಯಾಯಾಲಯವು, ಅಂದರೆ ನಾನು, ಆಜ್ಞೆ ಹೊರಡಿಸಿದೆ. ಮೊಣಕಾಲು ಮಡಚಿ, ಬ್ಯಾಗು ಎದೆಗವುಚಿಕೊಂಡು ಕೂರುವವನಿಗೆ ಅಷ್ಟಾದರೂ ಗೌರವ ಬೇಡವೇ? ವ್ಯಾಜ್ಯ: ಎಐ ಟೂಲಿನಿಂದ ಪ್ರೋಗ್ರಾಮರ್‌ಗೆ ಪ್ರಯೋಜನ ಉಂಟೋ, ಇಲ್ಲವೋ. ವಾದಿ ಮನೀಶ್. ಅವನು ಟೂಲಿನಿಂದ ಕೋಡ್ ಬರೆಸುತ್ತಾನೆ. ಪ್ರತಿವಾದಿ ನಾಗವೇಣಿ. ಅವಳು ಅದನ್ನು ಓದಿ ‘ಓಕೆ’ ಒತ್ತಿದ ಮೇಲೆಯೇ ಅದು ಗಿರಾಕಿಗೆ ಹೋಗುವುದು.

"ಏಕ್ ದಿನ್ ಕಾ ಕಾಮ್ ಏಕ್ ಘಂಟೇ ಮೇಂ. ಔರ್ ಕ್ಯಾ ಚಾಹಿಯೇ?" ಮನೀಶ್. ಕನ್ನಡ ಪೂರಾ ತಿಳಿಯುತ್ತದೆ ಅವನಿಗೆ, ತಾಯಿ ಕಾರ್ಕಳದವರು. ಬಾಯಿಂದ ಮಾತ್ರ ಹಿಂದಿಯೇ.

"ನಿನಗ ಒಂದ್ ತಾಸು," ನಾಗವೇಣಿ. "ಅದನ್ನ ಓದಾಕ ನನಗ ಒಂದ್ ದಿನ. ಮತ್ತ ಉಳಿದಿದ್ದೇನು?"

ತೀರ್ಪು: ಇಬ್ಬರೂ ನಿಜವನ್ನೇ ನುಡಿದಿರುವುದರಿಂದ ಇಬ್ಬರನ್ನೂ ದಾರಿಯ ತೀನ್ ಹಾತ್ ನಾಕಾ ಸಿಗ್ನಲ್ಲಿನಿಂದ ಗಡೀಪಾರು ಮಾಡತಕ್ಕದ್ದು.

ರಿಕ್ಷಾದವ ತಿರುಗಿ ನೋಡಿದ. ಕಲಬುರಗಿ ಕಡೆಯವ. "ಯಾವ ಕೋರ್ಟಿನ ವಕೀಲ್ರೀ ನೀವು? ನಮ್ಮ ತಮ್ಮಂದೂ ಒಂದು ಹೊಲದ ಕೇಸ್ ಅದ, ಸ್ವಲ್ಪ ನೋಡ್ರಲಾ."

ನ್ಯಾಯಾಲಯದ ಕೀರ್ತಿ ಹಬ್ಬುತ್ತಿದೆ.

ಸೆಪ್ಟೆಂಬರ್ 3, ಬುಧವಾರ

ಇಂದು ತಮಾಷೆ ಮಾಡಲು ಆಗಲಿಲ್ಲ. ಆದದ್ದು ಬರೆದಿಡುತ್ತೇನೆ.

ಲೈನಿನಲ್ಲಿ ನಿಂತಾಗಲೇ ನಾಗವೇಣಿ ಫೋನ್ ತೆರೆದಳು. ಮನೀಶ್ ನಿನ್ನೆ ಕಳಿಸಿದ ಕೋಡು. ರಾತ್ರಿ ಪಾಳಿಯ ಕ್ಯಾಬ್ ಯಾರನ್ನು ಮೊದಲು ಬಿಡಬೇಕು, ಯಾರನ್ನು ಕೊನೆಗೆ ಎಂದು ಅದೇ ಲೆಕ್ಕ ಹಾಕುತ್ತದೆ. ಅತಿ ಕಡಿಮೆ ದೂರ, ಅತಿ ಕಡಿಮೆ ಡೀಸೆಲ್. ಪರೀಕ್ಷೆಗಳೆಲ್ಲ ಹಸಿರು, ಅಂದರೆ ಪಾಸು. ನಾನು ನೋಡಿದ್ದರೆ ಕೈಮುಗಿದು ಓಕೆ ಒತ್ತುತ್ತಿದ್ದೆ.

"ಕಡೀ ಡ್ರಾಪ್ ಯಾರ್ದು, ಮನೀಶ?"

"ಕೋಯಿ ಅನುಷ್ಕಾ. ಖಾರಘರ."

"ಎಷ್ಟ್ ಗಂಟೆಕ್ಕ?"

"ಢಾಯಿ ಬಜೇ." ರಾತ್ರಿ ಎರಡೂವರೆ.

"ಆವಾಗ ಗಾಡ್ಯಾಗ ಮತ್ತ್ಯಾರದಾರ?"

ಅವನು ನೋಡಿದ. "ಡ್ರೈವರ್."

"ಹಾಂ." ಅಷ್ಟೇ ಹೇಳಿದಳು.

ರಾತ್ರಿ ಹೊತ್ತು ಗಾಡಿಯಲ್ಲಿ ಕೊನೆಗೆ ಒಬ್ಬಳೇ ಹೆಂಗಸು ಉಳಿಯಬಾರದು. ಉಳಿದರೆ ಗಾರ್ಡ್ ಜೊತೆಗಿರಬೇಕು. ಕ್ಯಾಬ್ ಧಂದೆಯಲ್ಲಿ ಇದು ಎಲ್ಲರಿಗೂ ಗೊತ್ತು. ಎಲ್ಲರಿಗೂ ಗೊತ್ತಿರುವುದರಿಂದಲೇ ಯಾರೂ ಎಲ್ಲಿಯೂ ಬರೆದಿಲ್ಲ. ಟೂಲಿಗೆ ಹೇಳುವವರು ಯಾರು? ನಾಗವೇಣಿಯ ತಂಗಿ ದಾನೇಶ್ವರಿ ಕಾಲ್ ಸೆಂಟರಿನಲ್ಲಿ ರಾತ್ರಿ ಪಾಳಿ. ಹಾಗಾಗಿ ಇವಳ ಕಣ್ಣು ಮೊದಲು ಹೋಗುವುದೇ ಕೊನೆಯ ಸೀಟಿಗೆ.

ರಿಕ್ಷಾ ಇಳಿಯುವಷ್ಟರಲ್ಲಿ ಮನೀಶ್ ಫೋನಿನಲ್ಲೇ ಟೂಲಿಗೆ ಟೈಪ್ ಮಾಡಿದ್ದ. ಊಟದ ಹೊತ್ತಿಗೆ ಸರಿಯಾಯಿತು. ನಾಗವೇಣಿ ಓಕೆ ಒತ್ತಿದಳು. ಸಿಸ್ಟಮ್‌ನಲ್ಲಿ ಉಳಿದದ್ದು ಆ ಓಕೆ ಮಾತ್ರ. ತಪ್ಪು ಸಿಕ್ಕಿದರೆ ಬರೆಯುವ ಕಮೆಂಟ್ ಜಾಗ ಖಾಲಿ.

ಚಹಾಕ್ಕೆ ಹೋದಾಗ ಕೇಳಿದೆ, "ಅಲ್ಲಿಯೇ ಬರೆಯಬಹುದಲ್ಲ ಮಾರಾಯ್ತಿ? ಅದಕ್ಕೇ ಅಲ್ವಾ ಜಾಗ ಕೊಟ್ಟದ್ದು?"

"ಸುರುವಿಗೆ ಬರದಿದ್ದೆ. ಗಿರಾಕಿನೂ ಓದ್ತಾರ ಅದನ್ನ. ಮೀಟಿಂಗಿನ್ಯಾಗ ಎಲ್ಲಾರ ಮುಂದ ಅವಂಗ ಕೇಳಿದ್ರು. ಮುಖ ಇಷ್ಟ ಆತು." ಬೆರಳು ಕೂಡಿಸಿ ತೋರಿಸಿದಳು, ಕಡಲೆಕಾಳಿನಷ್ಟು. "ದಿನಾ ಕೂಡಿ ಬರೋರು. ಬಾಯಿಲೆ ಹೇಳಿದ್ರ ಸಾಲ್ದೇನು? ಕೆಲಸ ಆಗ್ತದಿಲ್ಲೋ?"

ಆಗುತ್ತದೆ. ಚಹಾದ ದುಡ್ಡು ನ್ಯಾಯಾಲಯವೇ ಕೊಟ್ಟಿತು.

ಸೆಪ್ಟೆಂಬರ್ 8, ಸೋಮವಾರ

ಪುಂಡರೀಕಾಕ್ಷ ಸರ್ ಕ್ಯಾಬಿನ್‌ಗೆ ಕರೆದರು. ಬ್ರಾಂಚಿನ ಒಡೆಯರು, ಉಡುಪಿ ಕಡೆಯವರು, ಒಳ್ಳೆಯ ಮನುಷ್ಯ. ಕಾಫಿ ಮೆಷಿನ್ ಕೆಟ್ಟಾಗ ಅದರ ಮೇಲೆ ‘ಪರಮಪೂಜ್ಯರು ಮೌನವ್ರತದಲ್ಲಿದ್ದಾರೆ, ಗುಂಡಿ ಒತ್ತಿ ತಪೋಭಂಗ ಮಾಡಬೇಡಿ’ ಎಂದು ನಾನು ಹಾಕಿದ್ದ ಬೋರ್ಡು ಇನ್ನೂ ಅವರ ಫೋನಿನಲ್ಲಿದೆ. ಬಂದವರಿಗೆಲ್ಲ ತೋರಿಸುತ್ತಾರೆ.

"ನೋಡು ಮಯೂರ್, ಎಐ ಟೂಲ್ ಪ್ರಯೋಜನ ಉಂಟಾ ಇಲ್ವಾ ಅಂತ ಮೇಲಿನವರಿಗೆ ರಿಪೋರ್ಟ್ ಬೇಕಂತೆ. ಎಲ್ಲರನ್ನೂ ಕೇಳು. ಸಿಸ್ಟಮಿನಿಂದ ಅಂಕಿ ತೆಗಿ. ಗ್ರಾಫ್ ಗೀಫ್ ಹಾಕು. ನೀನು ಚಂದ ಬರೀತಿ."

ಯಃಕಶ್ಚಿತ್ ಕಿಡಿಗೇಡಿಯೊಬ್ಬ ಏಕಸದಸ್ಯ ಆಯೋಗವಾಗಿ ನೇಮಕ! ಇತಿಹಾಸದಲ್ಲಿ ಹೀಗಾದದ್ದು ಅಪರೂಪ.

ಸಂಜೆ ರಿಕ್ಷಾದಲ್ಲಿ ನಾಗವೇಣಿ ಖುಷಿಯಲ್ಲಿದ್ದಳು. ಅವಳ ಕಾಂಟ್ರಾಕ್ಟ್ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಒಂದನೇ ತಾರೀಕಿನಿಂದ ಪರ್ಮನೆಂಟ್ ಮಾಡುತ್ತೇವೆ ಎಂದು ಸರ್ ಹಿಂದೆಯೇ ಬಾಯಿಮಾತು ಕೊಟ್ಟಿದ್ದಾರೆ. ಅವಳಪ್ಪ ಯಂಕಣ್ಣ ಕಲ್ಯಾಣದ ಮಾರ್ಕೆಟ್‌ನಲ್ಲಿ ಹಮಾಲಿ, ವಿಜಯಪುರದಿಂದ ಬಂದವರು. ಈಗಲೇ ಎಲ್ಲ ಹಮಾಲರಿಗೂ ಹೇಳಿಬಿಟ್ಟಿದ್ದಾರಂತೆ.

"ಪೇಡಾನೂ ಹಂಚ್ಯಾನ," ಅಂದಳು. "ಇನ್ನಾ ಆಗಿಲ್ಲಪಾ ಅಂದ್ರ, ಆಗೇ ಆಗ್ತದಲಾ ಅಂತಾನ."

"ನ್ಯಾಯಾಲಯಕ್ಕೆ ಪೇಡಾ ಎಲ್ಲಿ?"

"ಲಂಚಾ ಕೇಳ್ತೀಯೇನಲೇ?"

ಸೆಪ್ಟೆಂಬರ್ 11, ಗುರುವಾರ

ಆಯೋಗದ ವಿಚಾರಣೆ ಮುಂದುವರಿದಿದೆ. ಒಂದೇ ಆಫೀಸು, ಒಂದೇ ಟೂಲು, ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಹೇಳಿದ್ದು ತಾಳೆಯಾಗುವುದಿಲ್ಲ.

ಜಯಶೀಲಣ್ಣ ಹಳೆಯ ಬಿಲ್ಲಿಂಗ್ ಭಾಗ ನೋಡುವವರು. "ಹೊಸ ಮನೆ ಕಟ್ಟುವವರಿಗೆ ಅದು ಒಳ್ಳೆದಿರಬಹುದು. ನನ್ನದು ಹಳೇ ಮನೆಗೆ ಪೈಪ್ ಹಾಕುವ ಕೆಲಸ. ಯಾವ ಗೋಡೆಯೊಳಗೆ ಎಂತ ಉಂಟು ಅಂತ ಅದಕ್ಕೆ ಗೊತ್ತಿಲ್ಲ. ಗೊತ್ತಿಲ್ಲ ಅಂತ ಹೇಳುವುದೂ ಇಲ್ಲ, ಡ್ರಿಲ್ ಹಿಡಿದು ಹೊರಡ್ತದೆ."

ವಿಕಾಸ್, ಮೊನ್ನೆ ಸೇರಿದವ: "ಅದಿಲ್ಲದಿದ್ದರೆ ನನ್ನ ಕೆಲಸ ಹೋಗಿರುತ್ತಿತ್ತು. ಅದಿರುವುದರಿಂದ ನಾನೇನು ಬರೆದೆ ಅಂತ ನನಗೇ ಗೊತ್ತಿಲ್ಲ. ಇದನ್ನ ಬರ್ಕೋಬೇಡ."

ಬರೆದುಕೊಳ್ಳಲಿಲ್ಲ. (ಇಲ್ಲಿ ಬರೆದದ್ದು ಲೆಕ್ಕಕ್ಕಿಲ್ಲ.)

ಮನೆಯಲ್ಲಿ ಅಮ್ಮನನ್ನೂ ಕೇಳಿದೆ. ಜಯಲತಾ, ಗೃಹಮಂತ್ರಿ, ಸ್ವತಂತ್ರ ಸಾಕ್ಷಿ.

"ಅದು ಹೇಳಿದ ಕೂಡ್ಲೇ ಮಾಡ್ತದಾ?"

"ಮಾಡ್ತದೆ ಅಮ್ಮ."

"ಎದುರು ಮಾತಾಡ್ತದಾ?"

"ಇಲ್ಲ."

"ಹಾಗಾದ್ರೆ ನಿನಗಿಂತ ಅದೇ ವಾಸಿ. ಹೋಗಿ ನೀರಿನ ಕ್ಯಾನ್ ತಾ."

ಸೆಪ್ಟೆಂಬರ್ 16, ಮಂಗಳವಾರ

ಶ್ವೇತಪತ್ರ ಸಿದ್ಧ! ಹೊದಿಕೆಗೆ ಚಿನ್ನದ ಬಣ್ಣದ ಅಂಚು. ಒಳಗೆ ಗ್ರಾಫುಗಳು, ಸಿಸ್ಟಮ್ ಕೊಟ್ಟ ಅಂಕಿಗಳಿಂದಲೇ, ಒಂದೂ ಸುಳ್ಳಿಲ್ಲ. ಯಾರು ಎಷ್ಟು ಕೆಲಸ ಮುಗಿಸಿದರು, ರಿವ್ಯೂನಲ್ಲಿ, ಅಂದರೆ ನಾಗವೇಣಿಯ ಓದಿನಲ್ಲಿ, ಎಷ್ಟು ತಪ್ಪು ಸಿಕ್ಕಿತು. ಮನೀಶನ ಕಂಬ ಆಕಾಶಕ್ಕೆ. ಅದರ ಪಕ್ಕದ ತಪ್ಪುಗಳ ಕಂಬ ನೆಲಕ್ಕೇ ಅಂಟಿಕೊಂಡು ಕಾಣುವುದೇ ಇಲ್ಲ. ಬಣ್ಣ ಹಚ್ಚಿದೆ, ಸಾಲುಗಳನ್ನು ಜೋಡಿಸಿದೆ, ಕಳಿಸಿದೆ.

ಸರ್ ಫೋನಿನಲ್ಲಿ ಹೆಬ್ಬೆರಳ ಚಿಹ್ನೆ ಒತ್ತಿದರು, ಜೊತೆಗೆ ನಗುವ ಮುಖ.

ಬೆನ್ನು ನಾನೇ ತಟ್ಟಿಕೊಳ್ಳಬೇಕಾಯಿತು. ಕೈ ಪೂರ್ತಿ ಎಟುಕಲಿಲ್ಲ.

ಸೆಪ್ಟೆಂಬರ್ 22, ಸೋಮವಾರ. ಮಧ್ಯಾಹ್ನ

ನವರಾತ್ರಿಯ ಮೊದಲ ದಿನ. ಇಲ್ಲಿ ಹೆಂಗಸರಿಗೆ ದಿನಕ್ಕೊಂದು ಬಣ್ಣ, ಇಂದು ಬಿಳಿ. ಲೋಕಲ್‌ನ ಲೇಡೀಸ್ ಡಬ್ಬಿಯಿಂದ ಬೆಳಿಗ್ಗೆ ಬರೀ ಬಿಳಿ ಬಣ್ಣವೇ ಇಳಿಯಿತು. ನಾಗವೇಣಿಯೂ ಬಿಳಿ ಚೂಡಿದಾರ್. ನ್ಯಾಯಾಲಯವು ಅವಳನ್ನು ‘ಶಾಂತಿದೂತೆ’ ಎಂದು ಕರೆದು ಮೊಣಕೈಯಿಂದ ತಿವಿಸಿಕೊಂಡಿತು.

ಹನ್ನೆರಡಕ್ಕೆ ಸರ್ ಕರೆದರು. ಬಾಗಿಲು ಹಾಕಲು ಹೇಳಿದರು.

"ರಿಪೋರ್ಟ್ ಮೇಲಿನವರಿಗೆ ಬಹಳ ಇಷ್ಟ ಆಯ್ತು ಮಾರಾಯ. ಎಲ್ಲರಿಗೂ ಟೂಲ್ ಕೊಡುದು ಅಂತ ಆಗಿದೆ. ಮತ್ತೆ... ನಾಗವೇಣಿಯನ್ನು ಮುಂದುವರಿಸ್ಲಿಕ್ಕೆ ಇಲ್ಲ."

ನನಗೆ ಅರ್ಥವಾಗಲಿಲ್ಲ. ಯಾಕೆ ಅಂದೆ.

"ನಿನ್ನ ಗ್ರಾಫೇ ಹೇಳ್ತದಲ್ಲ? ಅವಳ ಸ್ವಂತ ಕೆಲಸ ಕಡಿಮೆ. ಇಡೀ ದಿನ ರಿವ್ಯೂ. ರಿವ್ಯೂನಲ್ಲಿ ಸಿಕ್ಕಿದ್ದು ಎಂತ? ಏನೂ ಇಲ್ಲ. ಟೂಲಿನ ಕೋಡ್ ಅಷ್ಟು ಚೊಕ್ಕ ಇರುವಾಗ ಓದ್ಲಿಕ್ಕೆ ಒಂದು ಜನ ಯಾಕೆ ಅಂತ ಕೇಳ್ತಾರೆ."

"ಸರ್, ತಪ್ಪು ಸಿಕ್ಕಿದೆ ಸರ್. ದಿನಾ ಸಿಗ್ತದೆ. ಅವಳು ರಿಕ್ಷಾದಲ್ಲಿ ಹೇಳ್ತಾಳೆ."

"ಎಲ್ಲಿ?"

"ರಿಕ್ಷಾದಲ್ಲಿ. ಠಾಣೆ ಸ್ಟೇಷನಿಂದ ಬರುವಾಗ. ಬಾಯಲ್ಲಿ."

ಸರ್ ನಗಲು ಶುರು ಮಾಡಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಕಾಫಿ ಮೆಷಿನಿಗೆ ಮೌನವ್ರತ! ಈಗ ರಿಕ್ಷಾದಲ್ಲಿ ಕೋಡ್ ರಿವ್ಯೂ! ಎಲ್ಲಿಂದ ಹುಡುಕ್ತಿ ಮಾರಾಯ ನೀನು?"

"ದೇವರಾಣೆ ಸರ್."

"ಏಯ್, ತಮಾಷೆಗೆ ಆಣೆ ಹಾಕಬಾರದು. ಹೋಗು, ಕೆಲಸ ನೋಡು."

ಬಾಗಿಲ ಹೊರಗೆ ನಿಂತಿದ್ದೇನೆ. ಒಳಗೆ ಇನ್ನೂ ನಗು ಕೇಳುತ್ತಿದೆ.

ಸೆಪ್ಟೆಂಬರ್ 23, ಮಂಗಳವಾರ

ಮನೀಶನನ್ನು ಪ್ಯಾಂಟ್ರಿಗೆ ಎಳೆದುಕೊಂಡು ಹೋದೆ. ನೀನೇ ಸರ್‌ಗೆ ಹೇಳು, ನನ್ನ ಮಾತಿಗೆ ಅವರು ನಗುತ್ತಾರೆ, ನೀನು ಹೇಳಿದರೆ ನಂಬುತ್ತಾರೆ ಅಂದೆ.

"ಕ್ಯಾ ಬೋಲೂಂ? ರಿಕ್ಷಾ ಮೇಂ ತೋ ಹಮ್ ಗಪ್ಪೇ ಮಾರ್ತೇ ಹೈಂ ಯಾರ್."

"ಗಪ್ಪಾ? ಆ ಕೊನೆಯ ಡ್ರಾಪ್? ಖಾರಘರದ ಹುಡುಗಿ?"

"ವೋ ತೋ ಟೂಲ್ ನೇ ಠೀಕ್ ಕಿಯಾ." ಫೋನ್ ತೆಗೆದು ತೋರಿಸಿದ. ಇದೆ. ಅವನು ಟೈಪ್ ಮಾಡಿದ ಒಂದು ಸಾಲು, ರಾತ್ರಿ ಕೊನೆಗೆ ಹೆಂಗಸು ಒಬ್ಬಳೇ ಇರಬಾರದು ಅಂತ. ಕೆಳಗೆ ಟೂಲಿನ ಉದ್ದನೆಯ ಉತ್ತರ. ‘ನೀವು ಹೇಳಿದ್ದು ಬಹಳ ಸರಿ’ ಎಂದು ಶುರು. ಅದಕ್ಕೆ ‘ನೀವು’ ಅಂದರೆ ಮನೀಶ್. ರಿಕ್ಷಾದ ಎಡ ಮೂಲೆಯಲ್ಲಿ ಕೂತವಳು ಆ ಪರದೆಯಲ್ಲಿ ಎಲ್ಲಿಯೂ ಇಲ್ಲ.

ಅವನು ಸುಳ್ಳು ಹೇಳುತ್ತಿಲ್ಲ. ಸುಳ್ಳು ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಅವನಿಗೆ ನೆನಪಿರುವುದೇ ಹಾಗೆ. ಅವನು ಹೇಳಿದ, ಟೂಲ್ ಮಾಡಿತು, ಬೇಗ ಮುಗಿಯಿತು. ತಾನು ಅದನ್ನು ಯಾರ ಬಾಯಿಂದ ಕೇಳಿದೆ ಎನ್ನುವುದು ಟ್ರಾಫಿಕ್ಕಿನಲ್ಲಿ ಎಲ್ಲೋ ಬಿದ್ದುಹೋಗಿದೆ.

ಆದರೂ ಬಂದ ಸರ್ ಹತ್ತಿರ, ಪಾಪ. "ನಾಗವೇಣಿ ಹೆಲ್ಪ್ ಕರ್ತೀ ಹೈ ಸರ್, ಕಭೀ ಕಭೀ."

"ಹೆಲ್ಪ್ ಎಲ್ಲರೂ ಮಾಡ್ತಾರಲ್ಲಪ್ಪ," ಅಂದರು ಸರ್. ಸೌಮ್ಯವಾಗಿಯೇ.

ಸೆಪ್ಟೆಂಬರ್ 24, ಬುಧವಾರ

ಮುಂದುವರಿಸುವುದಿಲ್ಲ ಎಂದು ಸರ್ ಅವಳಿಗೆ ನಿನ್ನೆಯೇ ಹೇಳಿದ್ದಾರೆ. ರಿಕ್ಷಾದಲ್ಲಿ ನನಗೆ ಗೊತ್ತಿದೆಯೆಂದು ಅವಳಿಗೆ ಗೊತ್ತಾಯಿತು. ಮನೀಶ್ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಹೊರಗೆ ನೋಡುತ್ತಿದ್ದ.

"ಗ್ರಾಫ್ ನಾ ಮಾಡಿದ್ದು," ಅಂದೆ.

"ಗೊತ್ತದ. ಬಣ್ಣಾ ಚೊಲೋ ಹಚ್ಚೀದಿ."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಆಫೀಸು ಬರುವ ತನಕ ಬೇಡಿದೆ. ಇನ್ನೂ ದಿನ ಇದೆ, ಇಂದಿನಿಂದ ಎಲ್ಲ ತಪ್ಪನ್ನೂ ಅಲ್ಲಿಯೇ ಬರಿ, ಸಿಸ್ಟಮ್‌ನಲ್ಲಿ, ಎಲ್ಲರಿಗೂ ಕಾಣುವ ಹಾಗೆ. ಅಂಕಿ ಅಂದರೆ ಮಾತ್ರ ಅವರಿಗೆ ಕಿವಿ ಕೇಳುವುದು.

"ಅವಂಗ ಹೆಂಗಾಗಬ್ಯಾಡ?" ಅಂದಳು, ಮನೀಶನ ಕಡೆ ಕಣ್ಣು ತೋರಿಸಿ.

"ನಿನಗೆ ಹೇಗಾಗ್ತಿದೆ?"

ಸಂಜೆ ಇಳಿಯುವಾಗ, "ನೋಡೋಣು," ಅಂದಳು.

ಸೆಪ್ಟೆಂಬರ್ 26, ಶುಕ್ರವಾರ

ಬರೆದಳು. ನಿನ್ನೆ ಇಡೀ ದಿನ ಕೂತು ಬರೆದಳು. ಒಂದೊಂದೂ ಮೆತ್ತಗೆ, ‘ದಯವಿಟ್ಟು ಇದನ್ನು ನೋಡಬಹುದೇ’ ಎಂಬಂತೆ. ಗಾಡಿ ಕೆಟ್ಟು ಬದಲಿ ಗಾಡಿ ಬಂದರೆ ನೌಕರರಿಗೆ ಹಳೆಯ ಡ್ರೈವರ್ ನಂಬರೇ ಹೋಗುತ್ತದೆ. ರಜೆ ಹಾಕಿದವರ ಮನೆ ಮುಂದೂ ಗಾಡಿ ನಿಲ್ಲುತ್ತದೆ. ಇಷ್ಟು ದಿನ ಇಷ್ಟೆಲ್ಲವನ್ನೂ ಇವಳು ಸಿಗ್ನಲ್‌ಗಳ ನಡುವೆ ಬಾಯಲ್ಲೇ ಮುಗಿಸುತ್ತಿದ್ದಳೇ?

ಗೆದ್ದೆವು ಅಂದುಕೊಂಡೆ. ನಾನೊಬ್ಬ ಮೂರ್ಖಶಿಖಾಮಣಿ.

ಬೆಳಿಗ್ಗೆ ಗಿರಾಕಿಯಿಂದ ಮೇಲ್: ನಿಮ್ಮ ಕೋಡಿನ ಗುಣಮಟ್ಟ ಈ ವಾರ ಇದ್ದಕ್ಕಿದ್ದಂತೆ ಯಾಕೆ ಬಿತ್ತು? ಅವರ ಪ್ರಕಾರ ಮೊದಲು ತಪ್ಪೇ ಇರಲಿಲ್ಲ, ಈಗ ರಾಶಿ.

ಸರ್ ಅವಳನ್ನು ಕರೆದರು. ಬಾಗಿಲು ಅರ್ಧ ತೆರೆದಿತ್ತು.

"ಇಷ್ಟು ದಿನ ಇಲ್ಲದ್ದು ಈಗ ಯಾಕೆ ಬಂತು ಮಗಾ? ನಾನು ಬೇಡ ಅಂದದ್ದಕ್ಕಾ? ಬೇಜಾರಾಗ್ತದೆ, ನನಗೆ ಗೊತ್ತು. ಆದರೆ ಹೋಗುವಾಗ ಇನ್ನೊಬ್ಬನ ಹೆಸರು ಹಾಳು ಮಾಡಿ ಹೋಗುದು ಚಂದ ಅಲ್ಲ."

ಅವಳು ಏನೋ ಹೇಳಿದಳು. ಕೇಳಿಸಲಿಲ್ಲ. ಹೊರಗೆ ಬಂದು ತನ್ನ ಜಾಗದಲ್ಲಿ ಕೂತು ಕೀಬೋರ್ಡಿನ ಧೂಳು ಉಜ್ಜಿದಳು.

ಸಂಜೆ ಮನೀಶ್ ನಮಗಾಗಿ ಕಾಯಲಿಲ್ಲ. ಬೇರೆ ರಿಕ್ಷಾ ಹತ್ತಿದ.

"ನೋಡಿದಿಲ್ಲೋ?" ಅಂದಳು ನಾಗವೇಣಿ. ಅಷ್ಟೇ.

ಸೆಪ್ಟೆಂಬರ್ 29, ಸೋಮವಾರ

ಬಲಬದಿಗೆ ಯಾರೋ ದಪ್ಪ ಗೃಹಸ್ಥರು, ತೊಡೆಯ ಮೇಲೆ ಟಿಫಿನ್. ನಡುಸೀಟು ಇಷ್ಟು ಇಕ್ಕಟ್ಟೆಂದು ಈವರೆಗೆ ಗೊತ್ತಾಗಿರಲಿಲ್ಲ.

ಮನೆಯಲ್ಲಿ ಹೇಳಿದೆಯಾ ಅಂತ ಕೇಳಿದೆ.

"ಅವ್ವಗ ಹೇಳೀನಿ. ಅಪ್ಪಗ ಇಲ್ಲ. ಹೆಂಗ ಹೇಳ್ಲಿ? ನಾ ತಪ್ಪ್ ಮಾಡಿ ಬಿಡಿಸ್ಯಾರ ಅಂದ್ರ ತಿಳೀತದ ಅವಂಗ. ತಪ್ಪೇ ಇಲ್ಲ ಅಂತ ಬಿಡಿಸ್ಯಾರ ಅಂದ್ರ ಹೆಂಗ ತಿಳಿಸ್ಲಿ?"

ನಗಿಸೋಣವೆಂದು ಗಂಟಲು ಸರಿಮಾಡಿಕೊಂಡೆ. "ಘನ ನ್ಯಾಯಾಲಯವು—"

"ಇವತ್ತ ಬ್ಯಾಡ, ಮಯೂರ."

ಬೇಡ ಅಂದರೆ ಬೇಡ. ಸಿಗ್ನಲ್‌ಗಳನ್ನು ಎಣಿಸಿದೆ.

ಸೆಪ್ಟೆಂಬರ್ 30, ಮಂಗಳವಾರ

ಮತ್ತೊಮ್ಮೆ ಕ್ಯಾಬಿನ್ನಿಗೆ ಹೋದೆ. ಈ ಸಲ ಕೈಕಟ್ಟಿ ನಿಂತು, ಒಂದೂ ಚೇಷ್ಟೆಯ ಮಾತಿಲ್ಲದೆ ಎಲ್ಲ ಹೇಳಿದೆ. ಸರ್ ನಗಲಿಲ್ಲ. ಪೇಪರ್‌ವೇಟ್ ತಿರುಗಿಸಿದರು.

"ನೀನು ಹೇಳುದು ನಿಜ ಇರಬಹುದು ಅಂತ ನನಗೂ ಕಾಣ್ತದೆ," ಅಂದರು. "ಆದರೆ ಮೇಲಿನವರಿಗೆ ನಾನು ಎಂತ ಬರೀಲಿ? ರಿಕ್ಷಾ ಅಂತ ಬರೀಲಿಕ್ಕೆ ಆಗ್ತದಾ? ನೀನೇ ಹೇಳು. ಮೊದಲು ಒಂದು ರಿಪೋರ್ಟ್ ಕಳಿಸಿ, ಈಗ ಅದು ಸರಿ ಇಲ್ಲ ಅಂದ್ರೆ, ಕಳಿಸಿದ ನಾನೇ ಯಾಕೆ ಬೇಕು ಅಂತ ಕೇಳ್ತಾರೆ."

ನಗುತ್ತಿದ್ದಾಗಲೇ ಎಷ್ಟೋ ವಾಸಿ ಇತ್ತು. ಆಗ ನಂಬಿಸಿದರೆ ಸಾಕು ಅಂದುಕೊಂಡಿದ್ದೆ. ಈಗ ನಂಬಿದ್ದಾರೆ. ಇನ್ನೇನು ಮಾಡಲಿ?

ಐದಕ್ಕೆ ಅವಳ ಲಾಗಿನ್ ಬಂದ್. ನಾಳೆ ಹೋಗಬೇಕಾದ ಮನೀಶನ ಹೊಸ ಕೋಡು ಓದುತ್ತಿದ್ದಳು. ಓದುತ್ತಿದ್ದ ಹಾಗೆಯೇ ಪರದೆ ಹೊರಗೆ ಹಾಕಿತು. ಲ್ಯಾಪ್‌ಟಾಪ್ ಮುಚ್ಚಿ, ಚಾರ್ಜರ್ ವೈರು ನೀಟಾಗಿ ಸುತ್ತಿ ಕೊಟ್ಟಳು. ಸರ್ ಒಂದು ಸ್ವೀಟ್ ಬಾಕ್ಸ್ ಕೊಟ್ಟರು. ಗುಲಾಬಿ ಸೀರೆ ಉಟ್ಟಿದ್ದಳು, ಇಂದಿನ ಬಣ್ಣ ಗುಲಾಬಿ. ಬೇರೆ ವಿಭಾಗದವರು ಹಬ್ಬಕ್ಕೆ ಸೀರೆ ಅಂದುಕೊಂಡು ಚಂದ ಕಾಣ್ತೀ ಅಂದರು.

ಸ್ಟೇಷನ್ನಿನಲ್ಲಿ ಲೇಡೀಸ್ ಡಬ್ಬಿಯ ಕಡೆ ಹೊರಟವಳು ನಿಂತಳು.

"ಅರ್ಧಾ ಓದೀನಿ. ಟ್ರಿಪ್ ಕ್ಯಾನ್ಸಲ್ ಮಾಡೋದರ ತನಕ. ಉಳಿದಿದ್ದು ನೀ ನೋಡು."

"ನನಗೆಂತ ಕಾಣ್ತದೆ ಅದರಲ್ಲಿ?"

"ಕಾಣೂತನಕ ನೋಡು."

ಅಂಬರನಾಥ ಲೋಕಲ್ ಬಂತು. ಹತ್ತಿದಳು. ಸ್ವೀಟ್ ಬಾಕ್ಸ್ ಗುಂಪಿನ ಮೇಲೆ ಎತ್ತಿ ಹಿಡಿದಿದ್ದಳು, ಜಜ್ಜಬಾರದೆಂದು.

ಅಕ್ಟೋಬರ್ 1, ಬುಧವಾರ. ಬೆಳಿಗ್ಗೆ

ಆಯುಧಪೂಜೆ. ರಿಕ್ಷಾಗಳಿಗೆಲ್ಲ ಚೆಂಡುಹೂವಿನ ಹಾರ, ಗಾಜಿನ ಮೇಲೆ ಕುಂಕುಮ. ಹನ್ನೊಂದಕ್ಕೆ ಆಫೀಸಿನಲ್ಲೂ ಲ್ಯಾಪ್‌ಟಾಪ್‌ಗಳ ಪೂಜೆ, ಆರತಿ ಎತ್ತುವ ಜವಾಬ್ದಾರಿ ನನ್ನದು ಎಂದು ಸರ್ ಮೆಸೇಜ್ ಹಾಕಿದ್ದಾರೆ. ಏನಾದರೂ ಮಜಾ ಮಂತ್ರ ಹೇಳು ಅಂತಲೂ.

ಲೈನಿನಲ್ಲಿ ಮನೀಶ್ ನನಗಾಗಿ ಕಾದು ನಿಂತಿದ್ದ. ಹಲೋ ಅಂದ. ನಾನೂ ಅಂದೆ. ಎಡಕ್ಕೆ ಬಾಳೆಕಂದು ಹಿಡಿದ ಒಬ್ಬ ಆಜೋಬಾ, ಮರಾಠಿ ಅಜ್ಜ, ಹತ್ತಿದರು.

ರಿಕ್ಷಾ ಹೊರಟ ಮೇಲೆ ಮನೀಶ್ ಫೋನ್ ಚಾಚಿದ. "ದೇಖ್ ನಾ ಯಾರ್. ಪೂಜಾ ಸೇ ಪೆಹಲೇ ಛೋಡ್ನಾ ಹೈ. ಅಬ್ ತೂ ಹೀ ಓಕೆ ಕರೇಗಾ." ಪೂಜೆಗೆ ಮೊದಲೇ ಗಿರಾಕಿಗೆ ಹೋಗಬೇಕಂತೆ, ಓಕೆ ಒತ್ತುವವನು ಇನ್ನು ನಾನೇ.

ಟ್ರಿಪ್ ಕ್ಯಾನ್ಸಲ್ ಮಾಡುವ ಜಾಗದಿಂದ ಓದಿದೆ. ಚೊಕ್ಕವಾಗಿದೆ. ಹೆಸರುಗಳು ಚಂದ, ಪ್ರತಿ ಭಾಗಕ್ಕೂ ವಿವರಣೆ, ಪರೀಕ್ಷೆಗಳೆಲ್ಲ ಹಸಿರು. ಮತ್ತೆ ಮೇಲಿನಿಂದ ಓದಿದೆ. ಎಲ್ಲ ಸರಿಯಾಗಿಯೇ ಇದೆ. ಇವನ ಕೋಡು ನನಗೆ ಸರಿಯಾಗಿ ಕಾಣದೇ ಇದ್ದದ್ದು ಯಾವಾಗ?

"ಕುಛ್ ಗಡಬಡ್ ಹೈ ಕ್ಯಾ?" ಅವನ ಸ್ವರದಲ್ಲಿ ನಿಜವಾದ ಪ್ರಶ್ನೆ ಇತ್ತು. ಅವನೂ ಕಾಯುತ್ತಿದ್ದ.

ಬೆರಳಿನಿಂದ ಮತ್ತೆ ಮೇಲೆ ಸರಿಸಿದೆ. ಬಾಳೆ ಎಲೆ ಮುಖಕ್ಕೆ ಬಡಿಯುತ್ತಿತ್ತು. ಸಿಗ್ನಲ್ ಬಿಟ್ಟಿತು. ಆಫೀಸಿನ ತಿರುವು ಬಂತು.

"ಬೋಲ್ ನಾ. ಓಕೆ?"

ನಾನು ಓಕೆ ಒತ್ತದೆ ಮತ್ತೆ ಮೊದಲಿನಿಂದ ಓದತೊಡಗಿದೆ, ಕಾಣುವ ತನಕ.